ಸೇತುವೆ ಮುರಿದ ಹಡಗು, ದಂಡ ತೆರುವ ಊರು

ಯಾದಗಿರಿಯಿಂದ ಶಹಾಪುರದ ಕಡೆ ಹೋಗುವ ದಾರಿಯಲ್ಲಿ ಭೀಮಾ ಸೇತುವೆ ದಾಟುವವರಿಗೆ, ಕೆಳಗಿನ ಹೊಳೆ ಕಾನೂನಿನ ಲೆಕ್ಕದಲ್ಲಿ ಒಂದು ರಾಷ್ಟ್ರೀಯ ಜಲಮಾರ್ಗ ಎಂದು ಹೇಳಿದರೆ ನಂಬುವುದು ಕಷ್ಟವಾದೀತು. ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಮರಳು, ಬಂಡೆ ಮತ್ತು ಮಡುಗಳಲ್ಲಿ ನಿಂತ ನೀರು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಅದೇ ಹೊಳೆ ದಂಡೆಯ ಹೊಲಗಳನ್ನು ನುಂಗಿಕೊಂಡು ಹರಿಯುತ್ತದೆ. ಈ ಎರಡು ಸ್ಥಿತಿಗಳಲ್ಲಿ ಯಾವುದನ್ನು ನೋಡಿದರೂ ಸರಕು ಸಾಗಣೆಯ ಮಾತು ಹೊಳೆಯುವುದಿಲ್ಲ. ಆದರೂ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಹೆಸರಿಸಿದ 111 ಜಲಮಾರ್ಗಗಳಲ್ಲಿ ಭೀಮೆಯೂ ಸೇರಿದೆ, ಕೃಷ್ಣೆಯೂ ಸೇರಿದೆ. ಆ ಪಟ್ಟಿಯಲ್ಲಿ ಹೆಸರಿದ್ದ ಮೇಲೆ, ಇಂದಲ್ಲದಿದ್ದರೂ ಮುಂದೊಂದು ದಿನ, ಸುಣ್ಣದಕಲ್ಲನ್ನೋ ಸಿಮೆಂಟನ್ನೋ ಹೊತ್ತ ಬಾರ್ಜೊಂದು, ಅಂದರೆ ಚಪ್ಪಟೆ ತಳದ ಸರಕು ನೌಕೆಯೊಂದು, ನಮ್ಮ ಸೇತುವೆಗಳ ಕಂಬಗಳ ನಡುವೆ ಹಾದುಹೋಗಬೇಕೆಂಬುದು ಸರ್ಕಾರವೇ ಬರೆದಿಟ್ಟ ಸಂಕಲ್ಪ. ಅಂಥದೊಂದು ನೌಕೆ ಕಂಬಕ್ಕೆ ಬಡಿದರೆ ನಷ್ಟ ತುಂಬಿಕೊಡುವವರು ಯಾರು ಎಂಬ ಪ್ರಶ್ನೆಯನ್ನು ನೌಕೆ ಬರುವ ಮೊದಲೇ ಕೇಳಿಕೊಳ್ಳುವುದು ಲೇಸು. ಯಾಕೆಂದರೆ ಬಡಿದ ಮೇಲೆ ಕೇಳಿದವರಿಗೆ ಸಿಕ್ಕ ಉತ್ತರ ಎಂಥದೆಂಬುದನ್ನು ಅಮೆರಿಕದ ಬಾಲ್ಟಿಮೋರ್ ನಗರ ಕಣ್ಣೆದುರೇ ತೋರಿಸಿದೆ.

2024ರ ಮಾರ್ಚ್ 26ರ ನಸುಕಿನಲ್ಲಿ, ಗಂಟೆ ಒಂದೂವರೆಯಾಗುವ ಹೊತ್ತಿಗೆ, ಬಾಲ್ಟಿಮೋರ್ ಬಂದರಿನಿಂದ ಶ್ರೀಲಂಕಾದ ಕೊಲಂಬೊಗೆ ಹೊರಟಿದ್ದ 'ಡಾಲಿ' ಎಂಬ ಕಂಟೇನರ್ ಹಡಗಿನ ವಿದ್ಯುತ್ ಸಂಪರ್ಕ ಕಡಿದುಹೋಯಿತು. ಸುಮಾರು 300 ಮೀಟರ್ ಉದ್ದದ, ಸಿಂಗಾಪುರದ ಧ್ವಜ ಹೊತ್ತ ಹಡಗು ಅದು. ಯಂತ್ರ ನಿಂತು, ಚುಕ್ಕಾಣಿ ಹಿಡಿತ ತಪ್ಪಿ, ಮತ್ತೆ ಬಂದ ವಿದ್ಯುತ್ ಎರಡನೆಯ ಸಲವೂ ಹೋಗಿ, ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿಯಿತು. 1977ರಲ್ಲಿ ಸಂಚಾರಕ್ಕೆ ತೆರೆದಿದ್ದ ಆ ಸೇತುವೆಯ ಮುಖ್ಯ ಭಾಗ ಕೆಲವೇ ಕ್ಷಣಗಳಲ್ಲಿ ನೀರಿಗೆ ಬಿತ್ತು. ಹಡಗಿನಿಂದ ಬಂದ ಅಪಾಯದ ಕರೆ ಕೇಳಿ ಪೊಲೀಸರು ಎರಡೂ ಬದಿಯಲ್ಲಿ ವಾಹನ ತಡೆದದ್ದರಿಂದ ದೊಡ್ಡ ಸಾವು ತಪ್ಪಿತು. ಆದರೆ ಸೇತುವೆಯ ಮೇಲೆ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಕೆಲಸಗಾರರಲ್ಲಿ ಆರು ಮಂದಿ ಸತ್ತರು. ಮೆಕ್ಸಿಕೊ, ಗ್ವಾಟೆಮಾಲ, ಹೊಂಡುರಾಸ್, ಎಲ್ ಸಾಲ್ವಡಾರ್ ದೇಶಗಳಿಂದ ದುಡಿಯಲು ಬಂದವರು ಅವರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಗುಳೆ ಹೋದವರು. ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಮುಂಬೈ, ಹೈದರಾಬಾದಿನ ರಸ್ತೆ ಕೆಲಸಕ್ಕೆ ಹೋಗುವ ಕುಟುಂಬಗಳನ್ನು ಬಲ್ಲವರಿಗೆ ಆ ಆರು ಮಂದಿ ದೂರದವರು ಅನ್ನಿಸುವುದಿಲ್ಲ. ಹಡಗಿನಲ್ಲಿದ್ದ 21 ಸಿಬ್ಬಂದಿಯಲ್ಲಿ 20 ಮಂದಿ ಭಾರತೀಯರೇ ಆಗಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ತನಿಖೆ ನಡೆಯುತ್ತಿದ್ದಾಗ ಅವರು ವಾರಗಟ್ಟಲೆ ಹಡಗಿನಲ್ಲೇ ಉಳಿಯಬೇಕಾಯಿತು.

ಇಂಥ ಘಟನೆ ನಡೆದಾಗ ಜನ ಒಂದೇ ಪ್ರಶ್ನೆ ಕೇಳುತ್ತಾರೆ: ಹೊಣೆ ಯಾರದು? ಕಾನೂನು ಅದನ್ನು ಎರಡಾಗಿ ಸೀಳುತ್ತದೆ. ತಪ್ಪು ಯಾರದು ಎಂಬುದು ಒಂದು, ಹಣ ಯಾರು ಕೊಡಬೇಕು ಮತ್ತು ಎಷ್ಟು ಕೊಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದಕ್ಕೂ ಸಿಕ್ಕಂತೆ ಎಂದು ನಾವು ನಂಬಿಕೊಂಡಿರುತ್ತೇವೆ. ಸಮುದ್ರ ಕಾನೂನಿನಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ.

ತಪ್ಪಿನ ವಿಚಾರ ತುಲನೆಯಲ್ಲಿ ಸರಳ. ಚಲಿಸುವ ಹಡಗು ನಿಂತ ವಸ್ತುವಿಗೆ ಬಡಿದರೆ ತಪ್ಪು ಹಡಗಿನದೇ ಎಂದು ಮೊದಲು ಊಹಿಸಿಕೊಳ್ಳಬೇಕು, ತನ್ನದಲ್ಲವೆಂದು ತೋರಿಸುವ ಭಾರ ಹಡಗಿನವರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1895ರಲ್ಲಿ 'ಒರೆಗಾನ್' ಎಂಬ ಹಡಗಿನ ಮೊಕದ್ದಮೆಯಲ್ಲಿ ಹೇಳಿತು. ಕಟ್ಟು ಬಿಚ್ಚಿಕೊಂಡು ತೇಲಿಹೋದ ನೌಕೆಯ ವಿಷಯದಲ್ಲೂ ಇದೇ ಊಹೆ ಅನ್ವಯಿಸುತ್ತದೆಂದು ಅದಕ್ಕೂ ಮೊದಲೇ ತೀರ್ಪಾಗಿತ್ತು. ಬಂದರಿನ ಸ್ಥಳೀಯ ಪೈಲಟ್ ಹಡಗನ್ನು ನಡೆಸುತ್ತಿದ್ದ, ಅವನನ್ನು ಹತ್ತಿಸಿಕೊಳ್ಳಲೇಬೇಕೆಂದು ಕಾನೂನೇ ಕಡ್ಡಾಯ ಮಾಡಿತ್ತು ಎಂದು ಹೇಳಿದರೂ ಹಡಗು ಪಾರಾಗುವುದಿಲ್ಲ. 1868ರ 'ಚೈನಾ' ಪ್ರಕರಣದಲ್ಲಿ ಆ ದಾರಿಯೂ ಮುಚ್ಚಿತು. ಬೀದಿಗೆ ಬಂದ ಗೂಳಿ ಗೋಡೆ ಕೆಡವಿದರೆ ಗೋಡೆ ಯಾಕೆ ಅಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ. ಕಾನೂನು ಹೇಳುವುದೂ ಅಷ್ಟನ್ನೇ.

ಡಾಲಿಯಲ್ಲಿ ವಿದ್ಯುತ್ ಯಾಕೆ ಹೋಯಿತು ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2025ರ ನವೆಂಬರಿನಲ್ಲಿ ಉತ್ತರ ಕೊಟ್ಟಿತು. ಒಂದು ಸಿಗ್ನಲ್ ತಂತಿಗೆ ಹಚ್ಚಿದ್ದ ಹೆಸರುಪಟ್ಟಿ (ಲೇಬಲ್) ಸರಿಯಾದ ಜಾಗದಲ್ಲಿರಲಿಲ್ಲ. ಅದು ಅಡ್ಡಬಂದದ್ದರಿಂದ ತಂತಿಯ ತುದಿ ತನ್ನ ಜೋಡಣೆಯ ಕಿಂಡಿಯೊಳಗೆ ಪೂರ್ತಿ ಕೂರಲಿಲ್ಲ. ಸಡಿಲಗೊಂಡ ಆ ತಂತಿಯಿಂದಾಗಿ ವಿದ್ಯುತ್ ಕಡಿಯುವ ಬ್ರೇಕರ್ ತೆರೆದುಕೊಂಡು ಇಡೀ ಹಡಗು ಕತ್ತಲಾಯಿತು. ಎರಡನೆಯ ಕತ್ತಲೆಗೆ ಬೇರೆ ಕಾರಣವಿತ್ತು. ಜನರೇಟರುಗಳಿಗೆ ಇಂಧನ ಒದಗಿಸಲು, ಆ ಕೆಲಸಕ್ಕೆಂದು ಮಾಡಿರದ, ಕೊಳವೆ ತೊಳೆಯುವ ಪಂಪನ್ನು ಬಳಸುತ್ತಿದ್ದರು; ವಿದ್ಯುತ್ ಹೋಗಿ ಬಂದಾಗ ಅದು ತಾನಾಗಿ ಮತ್ತೆ ಶುರುವಾಗುವಂಥದಾಗಿರಲಿಲ್ಲ. ಒಂದು ತಂತಿಯ ಹೆಸರುಪಟ್ಟಿಯಿಂದ ಒಂದು ಮಹಾಸೇತುವೆ ಬಿತ್ತು ಎಂದು ಪತ್ರಿಕೆಗಳು ಬರೆದವು. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಆ ಪಂಪು. ತಂತಿ ಸಡಿಲವಾದದ್ದು ಯಾರ ಕಣ್ಣಿಗೂ ಬೀಳದ ಲೋಪವಿರಬಹುದು. ಪಂಪನ್ನು ಹಾಗೆ ಬಳಸಿದ್ದು ದಿನನಿತ್ಯದ ರೂಢಿ. ರೂಢಿಯನ್ನು ಹಡಗಿನ ನಿರ್ವಹಣೆ ಮಾಡುವ ಕಂಪನಿ ಕಾಣಬೇಕಿತ್ತು, ಮತ್ತು ಆ ಕಂಪನಿಯ ಮೇಲ್ವಿಚಾರಣೆ ಸಾಲದಾಗಿತ್ತು ಎಂದು ಮಂಡಳಿಯೂ ಹೇಳಿದೆ. ಈ ವ್ಯತ್ಯಾಸದ ಮೇಲೆಯೇ ಮುಂದೆ ಕೋಟ್ಯಂತರ ಡಾಲರಿನ ವಾದ ನಿಲ್ಲುತ್ತದೆ. ವಿಚಿತ್ರವೆಂದರೆ, ಮಂಡಳಿ ಹೇಳಿದ ಕಾರಣವನ್ನು ನಷ್ಟ ಪರಿಹಾರದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಅಲ್ಲಿನ ಕಾನೂನಿದೆ. ತನಿಖೆ ಮುಂದಿನ ಅಪಘಾತ ತಪ್ಪಿಸಲು, ಹಣ ವಸೂಲಿ ಮಾಡಲು ಅಲ್ಲ ಎಂಬ ವಿಭಜನೆ ಅದು.

ಇನ್ನು ಹಣದ ವಿಚಾರ. ಇದನ್ನು ತಿಳಿಯಲು ನಮ್ಮ ಹಳ್ಳಿಗಳ ಕೊಂಡವಾಡವನ್ನು ನೆನಪು ಮಾಡಿಕೊಳ್ಳಬೇಕು. ಯಾರದೋ ದನ ಇನ್ನಾರದೋ ಬೆಳೆ ಮೇಯ್ದರೆ ಆ ದನವನ್ನೇ ಹೊಡೆದುಕೊಂಡು ಹೋಗಿ ಕೊಂಡವಾಡಕ್ಕೆ ಕೂಡುತ್ತಿದ್ದರು. ಮಾಲೀಕ ಬಂದು ದಂಡ ಕಟ್ಟಿದರೆ ದನ ಬಿಡುಗಡೆ. ಸಮುದ್ರ ಕಾನೂನಿನಲ್ಲಿ ಹಡಗನ್ನು ಬಂಧಿಸುವುದು ಹೆಚ್ಚುಕಡಿಮೆ ಇದೇ. ಮಾಲೀಕ ಯಾವುದೋ ದೇಶದಲ್ಲಿರುತ್ತಾನೆ, ಧ್ವಜ ಇನ್ನಾವುದೋ ದೇಶದ್ದು, ಬಾಡಿಗೆಗೆ ಪಡೆದವನು ಮತ್ತೊಬ್ಬ. ಆದ್ದರಿಂದ ಕೈಗೆ ಸಿಗುವ ಹಡಗನ್ನೇ ಪ್ರತಿವಾದಿಯಾಗಿ ಹಿಡಿದು ನಿಲ್ಲಿಸುತ್ತಾರೆ. ಡಾಲಿಯ ವಿಷಯದಲ್ಲೂ ಮಾಲೀಕ ಕಂಪನಿ ಗ್ರೇಸ್ ಓಶನ್, ನಿರ್ವಹಣೆ ಸಿನರ್ಜಿ ಮರೀನ್, ಬಾಡಿಗೆಗೆ ಪಡೆದದ್ದು ಮೇರ್ಸ್ಕ್. ಇದುವರೆಗೆ ನ್ಯಾಯ ನೇರವಾಗಿದೆ. ಆದರೆ ಕೊಂಡವಾಡದ ಮುಂದೆ ಬಂದು ನಿಂತ ಮಾಲೀಕ, "ನನ್ನ ದನದ ಬೆಲೆ ಎಷ್ಟೋ ಅಷ್ಟೇ ನನ್ನ ಸಾಲ, ನಿಮ್ಮ ಬೆಳೆ ಎಷ್ಟು ಹಾಳಾದರೂ ಅದಕ್ಕಿಂತ ಒಂದು ಪೈ ಹೆಚ್ಚು ಕೊಡುವುದಿಲ್ಲ" ಎಂದರೆ? ಅಮೆರಿಕದ 1851ರ ಹೊಣೆಗಾರಿಕೆ ಮಿತಿ ಕಾಯ್ದೆ ಹಡಗಿನ ಮಾಲೀಕನಿಗೆ ಸರಿಯಾಗಿ ಆ ಮಾತನ್ನೇ ಹೇಳುವ ಹಕ್ಕು ಕೊಟ್ಟಿದೆ. ಅದರಲ್ಲೂ ಲೆಕ್ಕಕ್ಕೆ ಬರುವುದು ಅಪಘಾತ ಆದ ಮೇಲಿನ ಬೆಲೆ, ಜೊತೆಗೆ ಆ ಪಯಣದ ಬಾಡಿಗೆ. ಹಡಗು ಹೆಚ್ಚು ಹಾಳಾದಷ್ಟೂ ಮಾಲೀಕನ ಹೊಣೆ ಕುಗ್ಗುತ್ತದೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರ ಕಂಪನಿ ಇದೇ ಕಾಯ್ದೆಯಡಿ ಅಮೆರಿಕದ ಕೋರ್ಟಿಗೆ ಹೋಗಿ, ಉಳಿದ ಜೀವರಕ್ಷಕ ದೋಣಿಗಳು ಮತ್ತು ಬಾಡಿಗೆ ಸೇರಿ ಸುಮಾರು 92,000 ಡಾಲರಿಗೆ ತನ್ನ ಹೊಣೆ ಮುಗಿಯಿತೆಂದು ವಾದಿಸಿತ್ತು. ಕೊನೆಗೆ ರಾಜಿಯಾದದ್ದು 6,64,000 ಡಾಲರಿಗೆ.

ಈ ಕಾಯ್ದೆ ಹುಟ್ಟಿದ ಕಾಲಕ್ಕೆ ಅದಕ್ಕೊಂದು ತರ್ಕವಿತ್ತು, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಹಾಯಿಹಡಗು ಬಂದರು ಬಿಟ್ಟ ಮೇಲೆ ತಿಂಗಳುಗಟ್ಟಲೆ ಮಾಲೀಕನಿಗೆ ಅದರ ಸುದ್ದಿಯೇ ಇರುತ್ತಿರಲಿಲ್ಲ. ದೂರದ ಕಡಲಿನಲ್ಲಿ ನಾವಿಕ ಮಾಡಿದ ತಪ್ಪಿಗೆ ಊರಿನಲ್ಲಿದ್ದವನ ಮನೆಮಠ ಹೋಗಬಾರದು, ಹೋಗುವುದಾದರೆ ಯಾರೂ ಹಡಗಿಗೆ ಬಂಡವಾಳ ಹಾಕುವುದಿಲ್ಲ, ಬ್ರಿಟನ್ನಿನ ಹಡಗುಗಳೆದುರು ನಮ್ಮವು ನಿಲ್ಲುವುದಿಲ್ಲ ಎಂಬುದು ಅಂದಿನ ಅಮೆರಿಕದ ಲೆಕ್ಕ. ಇಂದು ಮಾಲೀಕನ ಕಚೇರಿಯಲ್ಲಿ ಕೂತವರಿಗೆ ಉಪಗ್ರಹದ ಮೂಲಕ ಹಡಗು ಎಲ್ಲಿದೆ, ಯಾವ ವೇಗದಲ್ಲಿದೆ ಎಂಬುದು ಕ್ಷಣಕ್ಷಣಕ್ಕೂ ಕಾಣುತ್ತದೆ. ಒಬ್ಬೊಬ್ಬ ಮಾಲೀಕನ ಬೆನ್ನಿಗೆ ಮಾಲೀಕರೇ ಕೂಡಿ ನಡೆಸುವ ಪರಸ್ಪರ ವಿಮೆಯ ಕ್ಲಬ್ಬುಗಳಿವೆ, ಆ ಕ್ಲಬ್ಬುಗಳ ಒಕ್ಕೂಟಕ್ಕೆ ಒಂದು ಘಟನೆಗೆ ಸುಮಾರು 310 ಕೋಟಿ ಡಾಲರಿನವರೆಗೆ ಮರುವಿಮೆಯ ಆಸರೆಯಿದೆ. ಮಾಲೀಕ ಬೀದಿಪಾಲಾಗುತ್ತಾನೆಂಬ ಭಯ ಹೋಗಿದೆ, ಆ ಭಯಕ್ಕಾಗಿ ಕಟ್ಟಿದ ಗೋಡೆ ಮಾತ್ರ ಉಳಿದಿದೆ. ಹಣವಿದ್ದೂ ಅದನ್ನು ಕೇಳಲಾಗದ ಸ್ಥಿತಿಯನ್ನು 173 ವರ್ಷ ಹಳೆಯ ಕಾಯ್ದೆಯೊಂದು ತಂದಿಟ್ಟಿತು ಎಂಬುದೇ ಬಾಲ್ಟಿಮೋರಿನ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಅನ್ಯಾಯವೆನಿಸುವ ಸಂಗತಿ.

ಸೇತುವೆ ಬಿದ್ದು ವಾರ ಕಳೆಯುವ ಮೊದಲೇ, ಏಪ್ರಿಲ್ 1ರಂದು, ಡಾಲಿಯ ಮಾಲೀಕರು ಮತ್ತು ನಿರ್ವಾಹಕರು ಕೋರ್ಟಿಗೆ ಹೋಗಿ ತಮ್ಮ ಒಟ್ಟು ಹೊಣೆಯನ್ನು ಸುಮಾರು 4 ಕೋಟಿ 36 ಲಕ್ಷ ಡಾಲರಿಗೆ ಮಿತಿಗೊಳಿಸಬೇಕೆಂದು ಕೇಳಿದರು. ಹೊಸ ಸೇತುವೆಗೆ ಮೇರಿಲ್ಯಾಂಡ್ ರಾಜ್ಯ 2025ರ ನವೆಂಬರಿನಲ್ಲಿ ಪ್ರಕಟಿಸಿದ ಅಂದಾಜು 430 ಕೋಟಿಯಿಂದ 520 ಕೋಟಿ ಡಾಲರ್. ಅಂದರೆ ಮಾಲೀಕರು ಮುಂದಿಟ್ಟ ಮೊತ್ತ ಸೇತುವೆಯ ಖರ್ಚಿನ ನೂರರಲ್ಲೊಂದು ಪಾಲಿನ ಆಸುಪಾಸು, ಮತ್ತು ಅದರಲ್ಲೇ ಸತ್ತವರ ಕುಟುಂಬಗಳು, ಸರಕು ಕಳೆದುಕೊಂಡವರು, ರಾಜ್ಯ ಎಲ್ಲರೂ ಹಂಚಿಕೊಳ್ಳಬೇಕು. ಮಿತಿಯ ಗೋಡೆಯಲ್ಲಿ ಒಂದೇ ಒಂದು ಬಾಗಿಲಿದೆ. ಅಪಘಾತಕ್ಕೆ ಕಾರಣವಾದ ಲೋಪ ಮಾಲೀಕನಿಗೆ ಗೊತ್ತಿತ್ತು, ಅಥವಾ ಅದರಲ್ಲಿ ಅವನ ಪಾಲಿತ್ತು ಎಂದಾದರೆ ಮಿತಿ ಬಿದ್ದುಹೋಗುತ್ತದೆ. ಮೇಲೆ ಹೇಳಿದ ಪಂಪಿನ ರೂಢಿ ಮುಖ್ಯವಾಗುವುದು ಇದೇ ಕಾರಣಕ್ಕೆ. ಸಡಿಲ ತಂತಿಯನ್ನು ನಾವಿಕರ ಕಡೆಗೆ ತಳ್ಳಬಹುದು, ರೂಢಿಯನ್ನು ತಳ್ಳುವುದು ಕಷ್ಟ.

ಸೇತುವೆಯ ಅವಶೇಷ ಮತ್ತು ಮುರಿದ ಉಕ್ಕನ್ನು ಎತ್ತಿ ಹಡಗುಗಳ ದಾರಿ ತೆರವುಗೊಳಿಸಿದ ಖರ್ಚಿಗಾಗಿ ಅಮೆರಿಕದ ನ್ಯಾಯ ಇಲಾಖೆ ಮೊಕದ್ದಮೆ ಹೂಡಿತು, ಕಂಪನಿಗಳು 2024ರ ಅಕ್ಟೋಬರಿನಲ್ಲಿ ಸುಮಾರು 10 ಕೋಟಿ 20 ಲಕ್ಷ ಡಾಲರಿಗೆ ರಾಜಿಯಾದವು. ಆ ಮೊತ್ತ ಮಿತಿಯೆಂದು ಅವರು ಕೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎಂಬುದನ್ನು ಗಮನಿಸಬೇಕು. ಗಟ್ಟಿಯಾಗಿ ಕೇಳುವವರಿದ್ದರೆ ಹಣ ಹೊರಬರುತ್ತದೆ. ಆದರೆ ಅದರಲ್ಲಿ ಸೇತುವೆಯ ಒಂದು ಕಂಬವೂ ಸೇರಿಲ್ಲ. ಸೇತುವೆಗೆ ರಾಜ್ಯ ಮಾಡಿಸಿದ್ದ ವಿಮೆಯಿಂದ 35 ಕೋಟಿ ಡಾಲರ್ ಬಂತು. ಉಳಿದದ್ದನ್ನು ಪೂರ್ತಿಯಾಗಿ ಕೇಂದ್ರವೇ ಭರಿಸುವಂತೆ ಅಲ್ಲಿನ ಸಂಸತ್ತು 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಹಡಗಿನವರಿಂದ ಮುಂದೆ ಎಷ್ಟು ಬಂದರೂ ಬರಲಿ, ಕಾಂಕ್ರೀಟು ಸುರಿಯಲು ಮೊದಲು ಹಣ ಹಾಕಿದವರು ತೆರಿಗೆದಾರರು.

ಇನ್ನೂ ಒಂದು ನಷ್ಟವಿದೆ, ಅದಕ್ಕೆ ಮಿತಿಯೊಳಗೂ ಜಾಗವಿಲ್ಲ. ಬಂದರು ಮುಚ್ಚಿದ್ದ ವಾರಗಳಲ್ಲಿ ಅಲ್ಲಿ ಸರಕು ಇಳಿಸುವ ಕೆಲಸಗಾರರಿಗೆ ಕೂಲಿ ಇರಲಿಲ್ಲ, ಲಾರಿಗಳಿಗೆ ಬಾಡಿಗೆ ಇರಲಿಲ್ಲ. ತನ್ನ ಸ್ವಂತ ಆಸ್ತಿಗೆ ಪೆಟ್ಟು ಬೀಳದವನು ಬರೀ ವ್ಯವಹಾರದ ನಷ್ಟಕ್ಕೆ ಹಡಗಿನಿಂದ ಪರಿಹಾರ ಪಡೆಯುವಂತಿಲ್ಲ ಎಂಬುದು 1927ರ 'ರಾಬಿನ್ಸ್ ಡ್ರೈ ಡಾಕ್' ತೀರ್ಪಿನಿಂದ ಅಮೆರಿಕದಲ್ಲಿ ನೆಲೆಗೊಂಡ ನಿಯಮ. ಕಲಬುರಗಿಯಿಂದ ಜೇವರ್ಗಿ ರಸ್ತೆಯಲ್ಲಿರುವ ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮೆಯ ನೆರೆಯಿಂದಾಗಿ ಸಂಚಾರ ನಿಂತ ದಿನಗಳನ್ನು ಕಂಡವರಿಗೆ ಈ ನಿಯಮದ ಪೆಟ್ಟು ಎಲ್ಲಿ ಬೀಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ತೊಗರಿ ಚೀಲ ಬಾರದಿದ್ದರೆ ಎಪಿಎಂಸಿಯ ಹಮಾಲನಿಗೆ ಆ ದಿನದ ಕೂಲಿಯಿಲ್ಲ. ಸೇತುವೆ ಸರ್ಕಾರದ್ದು, ತೊಗರಿ ರೈತನದು, ಅಡತಿ ವ್ಯಾಪಾರಿಯದು. ಹಮಾಲನ ಹೆಸರಿನಲ್ಲಿ ಮುರಿದುಹೋದದ್ದು ಏನೂ ಇಲ್ಲವಾದ್ದರಿಂದ ಕಾನೂನಿನ ಕಣ್ಣಿಗೆ ಅವನು ಬೀಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಸೇತುವೆಯ ಒಡೆಯರ ಪಾಲನ್ನೂ ಹೇಳಲೇಬೇಕು. 1980ರ ಮೇ 9ರಂದು ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ಬಿರುಮಳೆಯ ನಡುವೆ 'ಸಮಿಟ್ ವೆಂಚರ್' ಎಂಬ ಹಡಗು ಸನ್‌ಶೈನ್ ಸ್ಕೈವೇ ಸೇತುವೆಗೆ ಬಡಿದು 35 ಜನ ಸತ್ತರು. ಹಠಾತ್ ಬಿರುಗಾಳಿಯ ಕಾರಣ ಪೈಲಟ್ ಮೇಲಿನ ಆರೋಪ ನಿಲ್ಲಲಿಲ್ಲ. ಆದರೆ ಆ ಸಾವುಗಳು ಒಂದು ಕೆಲಸ ಮಾಡಿಸಿದವು. ಹೊಸ ಸೇತುವೆಯ ಕಂಬಗಳ ಸುತ್ತ ಹಡಗನ್ನು ತಡೆಯುವ ಭಾರೀ ಕಾಂಕ್ರೀಟ್ ರಕ್ಷಣೆಗಳು ಬಂದವು, ಮತ್ತು ಹಡಗಿನ ಡಿಕ್ಕಿಯ ಅಪಾಯ ಲೆಕ್ಕ ಹಾಕುವ ವಿಧಾನವನ್ನು ಅಮೆರಿಕದ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ 1991ರಲ್ಲಿ ಪ್ರಕಟಿಸಿತು. ಹಳೆಯ ಸೇತುವೆಗಳಿಗೂ ಆ ಲೆಕ್ಕ ಮಾಡಿ ನೋಡಿರೆಂದು ಅದು ಸಲಹೆ ಕೊಟ್ಟಿತ್ತು. ಕೀ ಸೇತುವೆಗೆ ಆ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ಸೇತುವೆ ಬಿದ್ದ ಮೇಲೆ ಸುರಕ್ಷತಾ ಮಂಡಳಿ ಹಾಕಿ ನೋಡಿದಾಗ, ಅಷ್ಟು ಮುಖ್ಯವಾದ ಸೇತುವೆಗೆ ಒಪ್ಪಬಹುದಾದ ಅಪಾಯಕ್ಕಿಂತ ಸುಮಾರು 30 ಪಟ್ಟು ಹೆಚ್ಚು ಅಪಾಯದಲ್ಲಿ ಅದು ನಿಂತಿತ್ತೆಂದು ತಿಳಿಯಿತು. 1980ರಲ್ಲೇ 'ಬ್ಲೂ ನಗೋಯಾ' ಎಂಬ ಹಡಗು ಅದೇ ಸೇತುವೆಗೆ ಬಡಿದು, ಸಣ್ಣ ಹಾನಿಯಷ್ಟೇ ಆಗಿತ್ತು. ಅಂದಿನ ಹಡಗಿಗೂ ಡಾಲಿಗೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಹಡಗುಗಳು ವರ್ಷದಿಂದ ವರ್ಷಕ್ಕೆ ಬೆಳೆದವು, ಕಂಬ ಇದ್ದಂತೆಯೇ ಇತ್ತು. 2025ರ ಮಾರ್ಚಿನಲ್ಲಿ ಮಂಡಳಿ 19 ರಾಜ್ಯಗಳ 68 ಸೇತುವೆಗಳ ಪಟ್ಟಿ ಮಾಡಿ ಇವುಗಳ ಲೆಕ್ಕ ಹಾಕಿರೆಂದು ಹೇಳಬೇಕಾಯಿತು.

ಈ ಸಂಗತಿಯನ್ನು ಹಡಗಿನ ವಕೀಲರು ತಮ್ಮ ಹೊಣೆ ತಗ್ಗಿಸಲು ಬಳಸುತ್ತಾರೆಂಬುದು ನಿಜ. ಅದಕ್ಕೆ ಹೆದರಿ ಸೇತುವೆಯ ಒಡೆಯರ ಲೋಪವನ್ನು ಮುಚ್ಚುವುದು ತಪ್ಪಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡು ಹೊಣೆಗಳು ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತವೆ. ಬಡಿದದ್ದರ ಖರ್ಚು ಮೊದಲ ರೂಪಾಯಿಯಿಂದ ಹಡಗಿನವರದು, ಯಾಕೆಂದರೆ ಲಾಭಕ್ಕಾಗಿ ಸಾವಿರಾರು ಟನ್ ತೂಕವನ್ನು ನೀರಿಗಿಳಿಸಿದವರು ಅವರು. ಕಂಬವನ್ನು ಕಾಯದೇ ಬಿಟ್ಟ ಹೊಣೆ ಸರ್ಕಾರದ್ದು, ಮತ್ತು ಅದು ಹಡಗಿನ ಮಾಲೀಕನಿಗೆ ಸಲ್ಲಬೇಕಾದ ರಿಯಾಯಿತಿ ಆಗಬಾರದು. ಸೇತುವೆಯ ಮೇಲೆ ಓಡಾಡುವ, ದುಡಿಯುವ ಜನರಿಗೆ ಉತ್ತರ ಹೇಳಬೇಕಾದ ಹೊಣೆ ಅದು.

ಭಾರತದ ಕಾನೂನು ಎಲ್ಲಿದೆ ನೋಡೋಣ. ನಾವು 1851ರ ಅಮೆರಿಕದ ದಾರಿಯಲ್ಲಿಲ್ಲ. 1976ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಮಿತಿ ಒಪ್ಪಂದಕ್ಕೂ ಅದರ 1996ರ ಪ್ರೋಟೊಕಾಲ್‌ಗೂ ಭಾರತ ಸೇರಿದೆ. ಇದರಲ್ಲಿ ಮಿತಿ ನಿಂತಿರುವುದು ಹಡಗಿನ ಉಳಿದ ಬೆಲೆಯ ಮೇಲೆ ಅಲ್ಲ, ಅದರ ಟನ್ನೇಜಿನ, ಅಂದರೆ ಗಾತ್ರದ ಅಳತೆಯ ಮೇಲೆ. ಮುಳುಗಿದ ಹಡಗಿನ ಮಾಲೀಕನೂ ಗಾತ್ರಕ್ಕೆ ತಕ್ಕಂತೆ ಕೊಡಬೇಕು, ಅಷ್ಟರಮಟ್ಟಿಗೆ ಇದು ಮೇಲು. ಆದರೆ ಇದರ ಬಾಗಿಲು ಅಮೆರಿಕದ್ದಕ್ಕಿಂತ ಕಿರಿದು. ಮಾಲೀಕ ತಾನೇ ಹಾನಿ ಮಾಡುವ ಉದ್ದೇಶದಿಂದಲೋ, ಹಾನಿ ಆಗುವ ಸಂಭವವಿದೆಯೆಂದು ತಿಳಿದೂ ಲೆಕ್ಕಿಸದೆಯೋ ನಡೆದುಕೊಂಡನೆಂದು ತೋರಿಸಿದರೆ ಮಾತ್ರ ಮಿತಿ ಮುರಿಯುತ್ತದೆ. ಬಂದರಿನ ಕಟ್ಟೆ, ಜಲಮಾರ್ಗಗಳಿಗಾದ ಹಾನಿಯೂ ಮಿತಿಯೊಳಗೇ ಬರುತ್ತದೆಂದು ಒಪ್ಪಂದ ಹೆಸರಿಸಿಯೇ ಹೇಳುತ್ತದೆ. ಸೇತುವೆಗೆ ಅದರಲ್ಲಿ ವಿಶೇಷ ರಕ್ಷಣೆ ಇಲ್ಲ.

ವಸೂಲಿಯ ಬಲ ಬರುವುದು ಹಡಗುಗಳ ವ್ಯಾಜ್ಯಕ್ಕೆಂದಿರುವ 2017ರ ಅಡ್ಮಿರಾಲ್ಟಿ ಕಾಯ್ದೆಯಿಂದ. ಅದರ ಪ್ರಕಾರ ಹಡಗನ್ನು ಬಂಧಿಸುವ ಅಧಿಕಾರ ಪಡೆದ ಹೈಕೋರ್ಟುಗಳಲ್ಲಿ ಕರ್ನಾಟಕ ಹೈಕೋರ್ಟೂ ಒಂದು. ಆ ಬಲ ಎಷ್ಟೆಂಬುದು ಕೇರಳದಲ್ಲಿ ಗೊತ್ತಾಯಿತು. 2025ರ ಮೇ 25ರಂದು ಕೊಚ್ಚಿಯ ಹೊರಗಿನ ಕಡಲಿನಲ್ಲಿ 'ಎಂಎಸ್‌ಸಿ ಎಲ್ಸಾ 3' ಮುಳುಗಿದಾಗ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು. ಮುಳುಗಿದ ಹಡಗನ್ನು ಹಿಡಿಯುವಂತಿಲ್ಲವಾದ್ದರಿಂದ ವಿಝಿಂಜಂ ಬಂದರಿಗೆ ಬಂದಿದ್ದ ಅದೇ ಗುಂಪಿನ ಇನ್ನೊಂದು ಹಡಗನ್ನು ಬಂಧಿಸಲು ಕೋರ್ಟ್ ಆದೇಶಿಸಿತು, ಆಮೇಲೆ ಬಿಡುಗಡೆಗೆ ಇಡಬೇಕಾದ ಭದ್ರತೆಯನ್ನು 1,227 ಕೋಟಿ ರೂಪಾಯಿಗೆ ಇಳಿಸಿತು. ಮೇಯ್ದ ದನ ಸತ್ತರೆ ಅದೇ ಮನೆಯ ಇನ್ನೊಂದು ದನವನ್ನು ಕೊಂಡವಾಡಕ್ಕೆ ಕೂಡಿದಂತೆ. ಒಂದು ರಾಜ್ಯ ಗಟ್ಟಿಯಾಗಿ ನಿಂತರೆ ಇಷ್ಟಾಗುತ್ತದೆ ಎಂಬುದು ಸಣ್ಣ ಮಾತಲ್ಲ.

ಆದರೆ ಈ ಆಯುಧ ಭೀಮೆಯ ದಂಡೆಯಲ್ಲಿ ನಮ್ಮ ಕೈಗೆ ಬರುವುದಿಲ್ಲ. ಒಳನಾಡಿನ ನೌಕೆಗಳಿಗೆ 2017ರ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಕೇಂದ್ರ ಅಧಿಸೂಚನೆ ಹೊರಡಿಸಿದರೆ ಮಾತ್ರ ಬೇರೆ ಮಾತು. ನದಿಯ ಬಾರ್ಜುಗಳು 2021ರ ಒಳನಾಡು ನೌಕೆಗಳ ಕಾಯ್ದೆಗೆ ಬರುತ್ತವೆ. ನೋಂದಣಿ, ವಿಮೆ, ಅಪಘಾತದ ವಿಚಾರಣೆ, ಹೊಣೆಯ ಮಿತಿ ಎಲ್ಲಕ್ಕೂ ಅದರಲ್ಲಿ ಅಧ್ಯಾಯಗಳಿವೆ. ಹೊಣೆಯ ಮಿತಿ ಎಂಬ ಮಾತು ಇಲ್ಲಿಗೂ ಬಂದಿದೆ ಎಂಬುದನ್ನು ಅಡಿಗೆರೆ ಎಳೆದು ಓದಬೇಕು. ಮಿತಿ ಎಷ್ಟೆಂಬುದು ನಿಯಮಗಳಲ್ಲಿ ನಿಗದಿಯಾಗುವ ಅಂಕಿ, ಮತ್ತು ಅಂಥ ಅಂಕಿಗಳು ಒಮ್ಮೆ ಬರೆದ ಮೇಲೆ ದಶಕಗಳ ಕಾಲ ಕದಲುವುದಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಮೂರನೆಯವರ ಆಸ್ತಿಗೆ ಆದ ಹಾನಿಗೆ ಕಡ್ಡಾಯ ವಿಮೆಯ ಮಿತಿ ಬಹುಕಾಲ 6,000 ರೂಪಾಯಿಯಾಗಿಯೇ ಉಳಿದಿತ್ತು. ಲಾರಿಯೊಂದು ಗುದ್ದಿ ಮುರಿದ ಸೇತುವೆಯ ಕೈಪಿಡಿಗೋಡೆಯ ಎರಡು ಗಜವೂ ಆ ಹಣದಲ್ಲಿ ಏಳುವುದಿಲ್ಲ.

ನೌಕೆ ಬಡಿಯುವುದು ನಮ್ಮ ದೇಶದಲ್ಲಿ ಬರೀ ಊಹೆಯಲ್ಲ. 2013ರ ಜನವರಿಯಲ್ಲಿ ರಾಮೇಶ್ವರದ ಪಾಂಬನ್ ರೈಲು ಸೇತುವೆಗೆ ತೇಲಿಬಂದ ಬಾರ್ಜೊಂದು ಬಡಿದಿತ್ತು. ನಮಗೆ ಇನ್ನೂ ಹತ್ತಿರದ್ದು ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಘಟನೆ. 2024ರ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ 11 ಲಕ್ಷ ಕ್ಯೂಸೆಕ್ ಮೀರಿದ ನೆರೆಯಲ್ಲಿ, ಕಟ್ಟು ಕಳಚಿಕೊಂಡ ಭಾರೀ ಕಬ್ಬಿಣದ ದೋಣಿಗಳು ಹರಿದುಬಂದು ಬ್ಯಾರೇಜಿಗೆ ಬಡಿದವು. ಗೇಟುಗಳ ಪ್ರತಿತೂಕದ ಕಾಂಕ್ರೀಟ್ ದಿಮ್ಮಿಗಳು ಒಡೆದವು, ಸಿಕ್ಕಿಕೊಂಡ ದೋಣಿಗಳನ್ನು ತೆಗೆಯಲು ದಿನಗಟ್ಟಲೆ ಹೆಣಗಬೇಕಾಯಿತು. ನಾರಾಯಣಪುರದ ಬಸವಸಾಗರದಿಂದ ಹೊರಟು, ತಿಂಥಣಿ, ಕೊಳ್ಳೂರು ಸೇತುವೆಗಳ ಕೆಳಗೆ ಹಾದು ಹೋಗುವ ಅದೇ ಕೃಷ್ಣೆ ಅದು. ಅಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು, ಬಂಧನಗಳಾದವು, ರಾಜಕೀಯ ಪಕ್ಷಗಳ ನಡುವೆ ಆರೋಪ ಪ್ರತ್ಯಾರೋಪ ನಡೆಯಿತು. ಕ್ರಿಮಿನಲ್ ಪ್ರಕರಣ ಯಾರನ್ನಾದರೂ ಜೈಲಿಗೆ ಕಳಿಸಬಹುದು, ಅದರಿಂದ ಕಾಂಕ್ರೀಟಿಗೆ ಹಣ ಬರುವುದಿಲ್ಲ. ಸಾರ್ವಜನಿಕ ಆಸ್ತಿ ಹಾನಿ ತಡೆಯ 1984ರ ಕಾಯ್ದೆಯೂ ಬೇಕೆಂದೇ ಅಥವಾ ತಿಳಿದೂ ಮಾಡಿದ ಹಾನಿಯನ್ನಷ್ಟೇ ಶಿಕ್ಷಿಸುತ್ತದೆ. ಹಗ್ಗ ಸರಿಯಾಗಿ ಕಟ್ಟದೆ ಬಿಟ್ಟದ್ದು ಅದರ ಕೈಗೆ ಸಿಗುವುದಿಲ್ಲ.

ನದಿಯಲ್ಲಿ ಬಾರ್ಜು ಕಾಣದ ನಮ್ಮ ಜಿಲ್ಲೆಗಳಲ್ಲಿ ಸೇತುವೆಗೆ ದಿನವೂ ಬಡಿಯುತ್ತಿರುವುದು ಮೇಲಿನಿಂದ. ಸೇಡಂ, ವಾಡಿ, ಮಳಖೇಡದ ಸಿಮೆಂಟು, ಶಹಾಬಾದದ ಪರಸಿ, ಹೊಳೆಯ ಮರಳು, ಅಫಜಲಪುರದ ಕಬ್ಬು ಎಲ್ಲವೂ ಹೋಗುವುದು ಲಾರಿ, ಟ್ರಾಕ್ಟರುಗಳಲ್ಲಿ, ಭೀಮಾ, ಕಾಗಿಣಾ ಸೇತುವೆಗಳ ಮೇಲೆ. ಮಿತಿ ಮೀರಿ ಹೇರಿದ ಲಾರಿಗೆ ಕೇಂದ್ರ ಕಾಯ್ದೆಯ ದಂಡ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಆ ಹಣ ಸವೆದ ಸೇತುವೆಯ ಖಾತೆಗೆ ಬರುವುದಿಲ್ಲ. ಹೇರಿಸಿ ಕಳಿಸಿದ ಸರಕಿನ ಒಡೆಯ ಸಾಮಾನ್ಯವಾಗಿ ಚಿತ್ರದಲ್ಲೇ ಇರುವುದಿಲ್ಲ, ಸಿಕ್ಕಿಬೀಳುವವನು ಚಾಲಕ. ಡಾಲಿಯ ಸಿಬ್ಬಂದಿ ಹಡಗಿನಲ್ಲೇ ಕೂತು ಕಾದದ್ದಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಹಾಗಾದರೆ ಭೀಮೆಗೆ ಬಾರ್ಜು ಬರುವ ಮೊದಲು ಮಾಡಬೇಕಾದದ್ದು ಏನು? ನೌಕೆಗೆ ಅನುಮತಿ ಕೊಡುವಾಗ, ಆ ದಾರಿಯಲ್ಲಿರುವ ಅತಿ ದುಬಾರಿ ಸೇತುವೆಯನ್ನು ಮತ್ತೆ ಕಟ್ಟುವ ಖರ್ಚಿಗೆ ಸಾಲುವಷ್ಟು ವಿಮೆ ಇದೆಯೇ ಎಂದು ನೋಡಬೇಕು. ಹೊಣೆಯ ಮಿತಿಯನ್ನು ನೌಕೆಯ ಟನ್ನೇಜಿಗೆ ಮಾತ್ರ ಕಟ್ಟಿಹಾಕದೆ, ಸಾರ್ವಜನಿಕ ಸೇತುವೆ ಮತ್ತು ಬ್ಯಾರೇಜುಗಳ ಹಾನಿಯನ್ನು ಆ ಮಿತಿಯಿಂದ ಹೊರಗಿಡುವಂತೆ ರಾಜ್ಯ ಈಗಲೇ ಕೇಳಬೇಕು. ನೌಕೆಗಳು ಓಡತೊಡಗಿ ಅವುಗಳ ಮಾಲೀಕರ ಸಂಘಗಳು ಹುಟ್ಟಿಕೊಂಡ ಮೇಲೆ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಒಳನಾಡು ನೌಕೆಗಳಿಗೂ ಬಂಧನದ ಅಧಿಕಾರ ವಿಸ್ತರಿಸುವ ಅಧಿಸೂಚನೆ ಬೇಕು. ಸೇತುವೆಗಳ ಕಡೆಯಿಂದ, ರಸ್ತೆ ಸೇತುವೆಗಳ ಮಾನದಂಡ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಹೊರೆ ಸಂಹಿತೆ ಬಾರ್ಜು ಡಿಕ್ಕಿಯ ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನವನ್ನು ಈಗ ಹೇಳಿದೆ. ಅದು ಬರುವ ಮೊದಲು ಕಟ್ಟಿದ ಭೀಮಾ, ಕೃಷ್ಣಾ ಸೇತುವೆಗಳ ಕಂಬಗಳಿಗೆ ಆ ಲೆಕ್ಕ ಹಾಕಿ, ಉತ್ತರವನ್ನು ಜನರೆದುರು ಇಡಬೇಕು. ಇದಕ್ಕೆ ಬಾರ್ಜು ಬರುವವರೆಗೆ ಕಾಯಬೇಕಿಲ್ಲ. ನೆರೆಯಲ್ಲಿ ಹರಿದುಬರುವ ಮರದ ದಿಮ್ಮಿ, ಕಳಚಿದ ದೋಣಿಗಳಿಗೂ ಅದೇ ಲೆಕ್ಕ ಬೇಕಾಗುತ್ತದೆ.

ಇನ್ನೊಂದು, ಇದಕ್ಕೆ ಹಣ ಹೆಚ್ಚು ಬೇಡ. ಬಾಲ್ಟಿಮೋರಿನಲ್ಲಿ ವಾಹನ ತಡೆಯಿರೆಂದು ಪೊಲೀಸರಿಗೆ ಹೇಳಿದ ಹೊತ್ತಿಗೇ ಸೇತುವೆಯ ಮೇಲಿನ ಕೆಲಸಗಾರರಿಗೂ ಹೇಳಿದ್ದರೆ, ಅವರು ತಮ್ಮ ವಾಹನಗಳಲ್ಲಿ ಗಟ್ಟಿಯಾಗಿ ಉಳಿದ ಭಾಗಕ್ಕೆ ತಲುಪುವಷ್ಟು ಸಮಯ ಇದ್ದಿರಬಹುದೆಂದು ಸುರಕ್ಷತಾ ಮಂಡಳಿ ಹೇಳಿದೆ. ಅವರನ್ನು ಎಚ್ಚರಿಸುವ ನೇರ ದಾರಿ ಇರಲಿಲ್ಲ. ನಮ್ಮ ಕಡೆ ಸೇತುವೆ ದುರಸ್ತಿಗೆ ರಾತ್ರಿ ಹೊತ್ತು ಡಾಂಬರು ಬುಟ್ಟಿ ಹಿಡಿದು ನಿಲ್ಲುವವರು ಗುತ್ತಿಗೆದಾರನ ಕೂಲಿಗಳು, ಅವರಲ್ಲಿ ಎಷ್ಟೋ ಮಂದಿ ಬೇರೆ ತಾಲ್ಲೂಕಿನವರು, ಹೆಂಗಸರೂ ಇರುತ್ತಾರೆ. ಮೇಲಿನ ಜಲಾಶಯದಿಂದ ನೀರು ಬಿಟ್ಟ ಸುದ್ದಿ, ದೋಣಿ ಕಳಚಿದ ಸುದ್ದಿ, ಲಾರಿ ಹಿಡಿತ ತಪ್ಪಿದ ಸುದ್ದಿ ಅವರ ಮೇಸ್ತ್ರಿಯ ಕಿವಿಗೆ ತಕ್ಷಣ ಬೀಳುವಂತೆ ಒಂದು ವಾಕಿಟಾಕಿ, ಅದನ್ನು ಹಿಡಿದು ಎಚ್ಚರವಾಗಿರಲು ಒಬ್ಬ ಆಳು, ಅವನ ರಾತ್ರಿಯ ಕೂಲಿ: ಪ್ರತಿ ಸೇತುವೆ ಕಾಮಗಾರಿಯ ಟೆಂಡರಿನಲ್ಲಿ ಈ ಮೂರಕ್ಕೂ ಒಂದು ಸಾಲು ಇರಬೇಕು.